ಡಯಾಲಿಸಿಸ್ ಕೇಂದ್ರದ ಕಡತ

ಬಜೆಟ್ ಮಂಡನೆಯಾದ ದಿನ ಟಿ.ವಿ. ಮುಂದೆ ಕೂತು ನಾನು ಮಾಡಿದಂಥ ಭಾಷಣವನ್ನು ವಿಧಾನಸಭೆಯಲ್ಲೂ ಯಾರೂ ಮಾಡಿರಲಿಕ್ಕಿಲ್ಲ. ಶಾಸಕರ ಸಂಬಳ ಏರಿಸುವ ಮಸೂದೆ ಚರ್ಚೆಯೇ ಇಲ್ಲದೆ ಪಾಸಾಗಿತ್ತು. ನಮ್ಮೂರು ಕೇಳುತ್ತಿದ್ದ ಡಯಾಲಿಸಿಸ್ ಕೇಂದ್ರದ ಮಾತು ಈ ಸಲವೂ ಇರಲಿಲ್ಲ. ಹೆಂಡತಿ ವಿಮಲಾಕ್ಷಿಯ ಮೂತ್ರಪಿಂಡ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆರಡು ಸಲ ಬಸ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಹೋಗಿಬರುತ್ತಿದ್ದೆವು.

"ಟಿ.ವಿ.ಗೆ ಬೈದ್ರೆ ಏನ್ ಬಂತು? ಹೋಗಿ ಅವರನ್ನೇ ಕೇಳಿ," ಎಂದಳು ಅವಳು.

ಮರುದಿನ ಶಾಸಕರ ಕಚೇರಿಗೆ ನುಗ್ಗಿ ಮೇಜು ಗುದ್ದಿದೆ. ನಿವೃತ್ತ ಹೆಡ್ಮಾಸ್ತರನಾದ ನನ್ನ ಗಂಟಲಿಗೆ ಹೊರಗೆ ಕಾಯುತ್ತಿದ್ದವರೆಲ್ಲ ಎದ್ದು ನಿಂತರು.

"ನಿಮ್ಮ ಸಂಬಳಕ್ಕೆ ದುಡ್ಡಿದೆ, ರೋಗಿಗಳಿಗೆ ಇಲ್ವಾ?"

ಶಾಸಕರು ಸಿಟ್ಟಾಗಲಿಲ್ಲ. "ಆರು ವರ್ಷದ ಹಿಂದೆ ದುಡ್ಡು ಬಂದಿತ್ತು ಮೇಷ್ಟ್ರೇ. ನಿಮ್ಮ ಬಡಾವಣೇಲೇ ಜಾಗನೂ ನೋಡಿದ್ವಿ. ಅಲ್ಲಿನವರೇ ಬೇಡ ಅಂದ್ರು, ದುಡ್ಡು ವಾಪಸ್ ಹೋಯ್ತು," ಎನ್ನುತ್ತಾ ಹಳೆಯ ಕಡತ ತರಿಸಿ ನನ್ನ ಮುಂದಿಟ್ಟರು.

ಅದರಲ್ಲಿದ್ದ, ಟೈಪ್ ಮಾಡಿದ ಆಕ್ಷೇಪಣಾ ಪತ್ರವನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ: "ರೋಗಿಗಳ ಓಡಾಟದಿಂದ ನಮ್ಮ ಸೈಟುಗಳ ಬೆಲೆ ಇಳಿಯುತ್ತದೆ. ಆದ್ದರಿಂದ ಕೇಂದ್ರವನ್ನು ಇಲ್ಲಿ ಕಟ್ಟಬಾರದೆಂದು ಕೋರಿಕೆ."

ಕಡತವನ್ನು ಮೇಜಿನ ಮೇಲೆ ಕುಕ್ಕಿದೆ. "ಥೂ! ಮನುಷ್ಯನಾ ಇವನು? ಯಾವನ್ರೀ ಬರ್ದಿದ್ದು ಇದನ್ನ?"

"ಹಾಳೆ ತಿರುಗಿಸಿ," ಎಂದರು ಶಾಸಕರು ಮೆಲ್ಲಗೆ.

ತಿರುಗಿಸಿದೆ. ಬಡಾವಣೆ ಸಂಘದ ಅಧ್ಯಕ್ಷರು ಎಂಬ ಮೊಹರಿನ ಮೇಲೆ, ಹಸಿರು ಶಾಯಿಯಲ್ಲಿ, ನನ್ನ ದುಂಡು ಸಹಿ.