ಹಾಲಿನ ತಂಬಿಗೆ

ಮಾಸ್ತಿಯ ಎದೆಯ ಮೇಲಿಂದ ಸ್ಟೆತಸ್ಕೋಪು ಎತ್ತಿದ ಡಾಕ್ಟರು, “ಬೊಂಬಾಯಿಯಿಂದ ತರಿಸಿದ ಗುಳಿಗೆ ಸರಿಯಾಗಿ ಕೊಟ್ಟಿದ್ಯೇನೇ?” ಎಂದು ಕೇಳಿದರು.

“ಒಂದು ಹೊತ್ತೂ ತಪ್ಪಿಸ್ಲಿಲ್ಲ ಒಡೆಯಾ. ಇಂಗ್ಲಿಷ್ ಮದ್ದು ಉಷ್ಣ ಅಲ್ವ, ಹಾಲಲ್ಲೇ ನುಂಗಿಸ್ದೆ,” ಎಂದು ಈರಮ್ಮ ಕೈಯಲ್ಲಿದ್ದ ಬಿಸಿ ತಂಬಿಗೆ ತೋರಿಸಿದಳು. ಗಂಡ ಜ್ವರ ಬಂದು ಮಲಗಿದ ಎಂಟು ದಿನವೂ ತನ್ನ ಬುಟ್ಟಿಯ ದೊಡ್ಡ ಮೀನನ್ನು ಎಮ್ಮೆಯಿದ್ದ ಮನೆಗೆ ಕೊಟ್ಟು ಅವಳು ಹಾಲು ತಂದಿದ್ದಳು. ಮಕ್ಕಳಿಗೆ ಅದರಲ್ಲಿ ಒಂದು ಗುಟುಕೂ ಕೊಟ್ಟಿರಲಿಲ್ಲ.

“ಹಾಲು ಆ ಮದ್ದನ್ನ ಹೊಟ್ಟೇಲೇ ಕಟ್ಟಿಹಾಕ್ತದೆ, ರಕ್ತಕ್ಕೆ ಸೇರೂಕೆ ಬಿಡೂದಿಲ್ಲ. ನೀರಲ್ಲಿ ಕೊಡ್ಬೇಕಿತ್ತು,” ಎಂದ ಡಾಕ್ಟರು ಚೀಲ ಮುಚ್ಚಿದರು. “ಇನ್ನು ನನ್ನ ಕೈಲಿಲ್ಲ.”

ಈರಮ್ಮ ತಂಬಿಗೆಯನ್ನು ಅವರ ಕಾಲ ಬುಡದಲ್ಲೇ ಇಟ್ಟಳು. “ಅವತ್ತೇ ಹೇಳೂಕೆ ನಿಮಗೆ ಎಂತ ಆಗಿತ್ತು? ನೀರು ಬಾವೀಲೇ ಇತ್ತಲ್ಲ.”