ಆಚೆ ದಡದ ಬಜ್ಜಿ

“ಕೆರೆ ಸುತ್ತ ಒಂದು ಸುತ್ತು ನಡೆದು ಬರ್ತೀನಿ ಕಣೇ. ಡಾಕ್ಟರ್ ಹೇಳಿದಾರಲ್ಲ,” ಎಂದರು ಅವರು, ಮಂಕಿ ಕ್ಯಾಪನ್ನು ಕಿವಿಯವರೆಗೆ ಎಳೆದುಕೊಳ್ಳುತ್ತಾ.

“ಹೋಗಿ ಬನ್ನಿ. ನನ್ನ ಮಂಡಿ ಏಳೋಕೇ ಬಿಡ್ತಿಲ್ಲ. ಆದ್ರೆ ಬಜ್ಜಿ ಗಿಜ್ಜಿ ಅಂತ ಬಾಯಿ ಹಾಕಿದ್ರೋ, ನೋಡಿ ಮತ್ತೆ!”

“ಛೆ, ಈ ವಯಸ್ಸಲ್ಲಿ ಆ ಎಣ್ಣೆ ಯಾರು ಮುಟ್ತಾರೆ?”

ಹೆಂಡತಿಯ ಮಂಡಿಗೆ ತಾವೇ ಮುಲಾಮು ತಿಕ್ಕಿ, ಅರಿಶಿನ ಬಣ್ಣದ ಶಾಲು ಹೊದಿಸಿ ಹೊರಟರು.

ಈ ಗಿರಿಧಾಮಕ್ಕೆ ಬಂದಿಳಿದಾಗಿನಿಂದ ಅವರ ಕಣ್ಣೆಲ್ಲ ಆಚೆ ದಡದ ಮೆಣಸಿನಕಾಯಿ ಬಜ್ಜಿ ಗಾಡಿಯ ಮೇಲೇ ಇತ್ತು. ಕೆರೆ ಬಳಸಿ ಹೋದರೆ ಮುಕ್ಕಾಲು ಗಂಟೆಯ ದಾರಿ. ಅರ್ಧ ಗಂಟೆಗೇ ಮುಗಿಸಿ, ಏದುಸಿರು ಬಿಡುತ್ತಾ ಗಾಡಿಯ ಮುಂದೆ ನಿಂತರು.

“ಒಂದು ಪ್ಲೇಟ್ ಬಜ್ಜಿ ಕೊಡಪ್ಪ, ಬೇಗ.”

“ಮುಗೀತು ಸಾರ್. ಹಿಟ್ಟೂ ಖಾಲಿ. ಕೊನೇ ಎರಡು ಪ್ಲೇಟನ್ನೂ ಒಬ್ಬರು ಅಮ್ಮ ತಿಂದ್ಬಿಟ್ರು.”

“ಒಬ್ಬರೇ ಎರಡು ಪ್ಲೇಟಾ? ಅದೆಂಥಾ ಹೆಂಗಸಯ್ಯ! ಹೋಗ್ಲಿ, ನಾಳೆ ನನಗೊಂದು ಪ್ಲೇಟ್ ಎತ್ತಿಡು.”

“ನಾಳೆ ಮೊದಲನೇ ಒಬ್ಬೆ ಅವರಿಗೇ ಅಂತ ಹೇಳಿ ಹೋಗಿದಾರೆ ಸಾರ್.”

“ಎಲ್ಲಿ ಆಯಮ್ಮ? ನಾನೇ ಮಾತಾಡ್ತೀನಿ.”

ಗಾಡಿಯವನು ಜಾಲರಿ ಸೌಟನ್ನು ಕೆರೆಯ ಕಡೆ ಚಾಚಿದ.

ಪೆಡಲ್ ದೋಣಿಯೊಂದು ನೀರು ಚಿಮ್ಮಿಸುತ್ತಾ ಅವರ ಹೋಟೆಲಿನ ದಡದತ್ತ ಭರ್ರನೆ ಓಡುತ್ತಿತ್ತು. ಒಬ್ಬರೇ ಕೂತು ತುಳಿಯುತ್ತಿದ್ದವರ ಹೆಗಲ ಮೇಲೆ ಅರಿಶಿನ ಬಣ್ಣದ ಶಾಲು ಹಾರಾಡುತ್ತಿತ್ತು.