ದೋಣಿಯ ಅಂಚು

ಮೊದಲ ಸಲ ಹೊಳೆಗಿಳಿದ ದೋಣಿ ದಡದ ಬಂಡೆಗೆ ಇನ್ನೇನು ಬಡಿಯಬೇಕು, ಅಷ್ಟರಲ್ಲಿ ಆಳು ಬೈರ ನೀರಿಗೆ ಹಾರಿ ಅದರ ಅಂಚನ್ನು ಗಟ್ಟಿಯಾಗಿ ಹಿಡಿದ. ಸೆಳವಿಗೆ ದೋಣಿ ಜಗ್ಗಿತು. ಅಂಚಿಗೆ ಹೊಡೆದಿದ್ದ ಅಲ್ಯೂಮಿನಿಯಂ ಪಟ್ಟಿ ಅವನ ಅಂಗೈಯನ್ನು ಉದ್ದಕ್ಕೆ ಸೀಳಿತು.

ವಿಮಲನಾಥ ಗೌಡರು ದೋಣಿಯೊಳಗೆ ಕೂತಲ್ಲೇ ಕಲ್ಲಾದರು. ಮೂರು ತಿಂಗಳು ಹಿಡಿದು ತಾವೇ ಕಟ್ಟಿದ ದೋಣಿ. ಅದರ ಅಂಚು ಸವೆಯದಿರಲೆಂದು ಹೋದ ವಾರ ಬೈರ ಹದ ಮಾಡಿದ ತೊಗಲಿನ ಪಟ್ಟಿ ತಂದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದಿದ್ದರು. "ಛೀ, ಆಚೆ ಇಡು ಅದನ್ನ! ನಾವು ಜೈನರು ಕಣೋ, ಇರುವೆಗೂ ನೋವು ಕೊಡೋರಲ್ಲ."

ಮಾರನೆಯ ದಿನವೇ ಕಲ್ಪೆಟ್ಟ ಪೇಟೆಯಿಂದ ಈ ಅಲ್ಯೂಮಿನಿಯಂ ಪಟ್ಟಿ ತಂದು ಮೊಳೆ ಹೊಡೆದಿದ್ದರು. "ಚೂಪಾಗಿ ಅದೆ ಗೌಡ್ರೇ, ಅರದಲ್ಲಿ ಒಂಚೂರು ಉಜ್ಜುವಾ" ಎಂದು ಬೈರ ಅಂದದ್ದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಈಗ ಪಟ್ಟಿಯ ಮೇಲಿಂದ ಇಳಿದ ರಕ್ತ ಅವರ ಬಿಳಿ ಪಂಚೆಗೆ ತೊಟ್ಟಿಕ್ಕಿತು. ಗಾಯಕ್ಕೆ ಕಟ್ಟಲೆಂದು ಹೆಗಲ ಮೇಲಿನ ಟವೆಲು ಎಳೆದುಕೊಂಡರು. ಅದನ್ನು ಹರಿಯಲು ಕೈ ಬರಲಿಲ್ಲ, ಬೈರನ ಮುಖ ನೋಡಲು ಧೈರ್ಯವಾಗಲಿಲ್ಲ. ಬೈರ ಮಾತ್ರ ಮುಷ್ಟಿ ಕಟ್ಟಿ ಕೈಯನ್ನು ನೀರಿಗದ್ದಿ, ಅವರನ್ನೇ ಸಮಾಧಾನ ಮಾಡುವವನಂತೆ ಅಂದ:

"ಸಾರಮಿಲ್ಲ ಗೌಡ್ರೇ, ಪರವಾಗಿಲ್ಲ, ದೋಣಿಗೆ ಏನೂ ಆಗ್ಲಿಲ್ಲ."